ಕೆರೆಬಿಳಚಿಯಿಂದ ಬಲ್ಮಠಕ್ಕೆ

ಚನ್ನಗಿರಿ ಸೀಮೆಯ ಕೆರೆಬಿಳಚಿಯನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಲಾರರು. ಕಾಗದಪತ್ರಗಳಲ್ಲಿ ಶಾಂತಿಸಾಗರವೆಂದೂ ಜನರ ಬಾಯಲ್ಲಿ ಸೂಳೆಕೆರೆಯೆಂದೂ ಪ್ರಸಿದ್ಧವಾದ ಮಹಾತಟಾಕದ ಸಮೀಪದಲ್ಲಿ ಈ ಊರಿದೆ. ಗುಡ್ಡಗಳ ನಡುವಣ ಕಣಿವೆಗೆ ಅಡ್ಡಲಾಗಿ ಏರಿಯನ್ನು ಹಾಕಿಸಿದವಳು ಶಾಂತವ್ವೆಯೆಂಬ ಹೆಂಗಸೆಂದು ಕಥೆ. ಉಪಾಧ್ಯಾಯ ವೃತ್ತಿಯನ್ನು ಮುಗಿಸಿದ ಮೇಲೆ ನಾವು ಈ ಕಡೆಯಲ್ಲಿಯೇ ನೆಲಸಿ, ಸಾಯಂಕಾಲ ಏರಿಯ ಮೇಲೆ ತಿರುಗಾಡುತ್ತ ಕಾಲ ಕಳೆಯುತ್ತಿದ್ದೇವೆ.

ಕಳೆದ ವರ್ಷ ಮನೆಯ ಹಳೆಯ ಮಾಡನ್ನು ಇಳಿಸುತ್ತಿದ್ದಾಗ ಕೆಲಸದವನೊಬ್ಬನು ಹೆಂಚೊಂದನ್ನು ಕೈಗೆ ಕೊಟ್ಟು, "ಇದರಾಗೇನೋ ಬರದೈತಲ್ಲ, ಓದ್ರಿ ಮೇಷ್ಟ್ರೇ" ಎಂದನು. ಪಾಚಿಯನ್ನು ಒರೆಸಿ ನೋಡಿದರೆ ಬಾಸೆಲ್ ಮಿಷನ್ ಎಂಬ ಇಂಗ್ಲಿಷ್ ಅಕ್ಷರಗಳ ಮುದ್ರೆ! ಇಷ್ಟು ವರ್ಷ ಯಾರ ಹೆಂಚಿನ ನೆರಳಿನಲ್ಲಿ ಕುಳಿತು ಅಮರಕೋಶವನ್ನು ಪಠಿಸಿದೆವೋ ಅವರ ಸಂಗತಿ ನಮಗೆ ಏನೂ ತಿಳಿಯದೆಂಬುದು ಆಗ ಮನಸ್ಸಿಗೆ ನಾಟಿತು. ಮಂಗಳೂರಿನಲ್ಲಿ ಮಗಳ ಮನೆಯಿರುವುದರಿಂದ ಹೊರಡುವುದಕ್ಕೆ ನೆಪವೂ ಸಿಕ್ಕಿತು. ಶಿವಮೊಗ್ಗ, ತೀರ್ಥಹಳ್ಳಿಗಳನ್ನು ದಾಟಿ ಆಗುಂಬೆಯ ಘಟ್ಟವನ್ನಿಳಿದು ಹೋದೆವು. ಘಟ್ಟದ ತಿರುವುಗಳಲ್ಲಿ ನಮ್ಮ ಹೊಟ್ಟೆಗೆ ಆದ ಅವಸ್ಥೆಯನ್ನು ಇಲ್ಲಿ ವರ್ಣಿಸುವುದಿಲ್ಲ.

ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪಿತವಾದ ಈ ಸಂಘದ ಮೂವರು, ಹೆಬಿಕ್, ಲೇನರ್, ಗ್ರೈನರ್ ಎಂಬವರು, 1834ರಲ್ಲಿ ಮಂಗಳೂರಿಗೆ ಬಂದರು. ಮತಪ್ರಚಾರವೇ ಅವರ ಉದ್ದೇಶವಾಗಿದ್ದಿತು. ಅದನ್ನು ಮುಚ್ಚಿಡುವುದರಿಂದ ಫಲವಿಲ್ಲ. 1844ರಲ್ಲಿ ಆನಂದರಾಯ ಕೌಂಡಿನ್ಯನೆಂಬ ಬ್ರಾಹ್ಮಣ ಯುವಕನು ಕ್ರೈಸ್ತನಾದಾಗ ಆ ಮನೆಯಲ್ಲಿ ಹೊತ್ತಿದ ದುಃಖವನ್ನು ನೆನೆದರೆ ನಮ್ಮಂಥವರ ಮನಸ್ಸು ಇಂದಿಗೂ ಕುಗ್ಗುತ್ತದೆ. ಆದರೆ ಹೀಗೆ ಕುಲದಿಂದ ಹೊರಬಿದ್ದವರು ಉಣ್ಣುವುದೇನು? ಈ ಚಿಂತೆಯಿಂದಲೇ ನೇಯ್ಗೆಯ ಕಾರ್ಖಾನೆಗಳು ಹುಟ್ಟಿದುವು. 1865ರಲ್ಲಿ ಪ್ಲೆಬ್‌ಸ್ಟ್ ಎಂಬವರ ಉದ್ಯೋಗದಿಂದ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯೂ ಆರಂಭವಾಯಿತು. ನದಿಯ ಜೇಡಿಮಣ್ಣು, ಹತ್ತಿರದ ಕಾಡಿನ ಸೌದೆ, ಸಾಗಿಸುವುದಕ್ಕೆ ದೋಣಿ: ಮೂರೂ ಅಲ್ಲಿಯೇ ದೊರೆತುವು. ಹುಲ್ಲಿನ ಮಾಡುಗಳು ಸುಟ್ಟುಹೋಗುತ್ತಿದ್ದ ದೇಶಕ್ಕೆ ಅದರಿಂದಾದ ಉಪಕಾರವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೋಗ್ಲಿಂಗ್ ಎಂಬ ಪಾದ್ರಿಯು 1843ನೆಯ ಜುಲೈ 1ರಂದು 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದನು. ಕನ್ನಡದ ಮೊದಲನೆಯ ವೃತ್ತಪತ್ರಿಕೆಯೆಂದು ಹೆಸರಾದುದು ಅದೇ. ಆದರೆ ನಾವು ಬಲ್ಮಠದ ಗುಡ್ಡವನ್ನು ಏರಿದುದು ಇನ್ನೊಬ್ಬನಿಗಾಗಿ.

ಫರ್ಡಿನಂಡ್ ಕಿಟ್ಟೆಲ್ ಜರ್ಮನಿಯ ಉತ್ತರದ ಕಡಲಕರೆಯ ಸೀಮೆಯಲ್ಲಿ 1832ರಲ್ಲಿ ಪಾದ್ರಿಯೊಬ್ಬನ ಮಗನಾಗಿ ಹುಟ್ಟಿ, 1853ರಲ್ಲಿ, ಎಂದರೆ ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಕನ್ನಡ ನಾಡಿಗೆ ಬಂದನು. ಹುಬ್ಬಳ್ಳಿ, ಧಾರವಾಡ, ಮಂಗಳೂರು, ಮಡಿಕೇರಿ, ಹೀಗೆ ಅವನ ವಾಸ. ಹಗಲೆಲ್ಲ ಊರೂರು ತಿರುಗಿ ಉಪದೇಶ. ಶಾಲೆ, ಸಭೆ, ಅಚ್ಚುಕೂಟದ ಕೆಲಸ. ಮಿಕ್ಕ ಹೊತ್ತಿನಲ್ಲಿ ಪಂಡಿತರೊಡನೆ ಹಳಗನ್ನಡದ ವ್ಯಾಸಂಗ. ಕೇಶಿರಾಜನ ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದೋಗ್ರಂಥವನ್ನೂ ಪರಿಷ್ಕರಿಸಿ ಮುದ್ರಿಸಿದನು. ಹೆಂಡತಿ ಪೌಲೀನಳು 1864ರಲ್ಲಿ ತೀರಿಕೊಂಡಳು. ದೇಹಸ್ಥಿತಿ ಕೆಟ್ಟು ಸ್ವದೇಶಕ್ಕೆ ಹೋದವನು ನಿಘಂಟಿನ ಕೆಲಸ ಅರ್ಧವಾಯಿತೆಂದು ಪುನಃ ಹಡಗನ್ನೇರಿ ಬಂದನು. ಸುಮಾರು ಎಪ್ಪತ್ತು ಸಾವಿರ ಶಬ್ದಗಳ ಆ ಕೋಶವು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅವನು 1903ರಲ್ಲಿ ಟ್ಯೂಬಿಂಗನ್ನಿನಲ್ಲಿ ತೀರಿಕೊಂಡನು.

ಗ್ರಂಥಾಲಯದಲ್ಲಿ ಆ ಬೃಹದ್ಗ್ರಂಥವನ್ನು ನಮ್ಮ ಮುಂದಿಟ್ಟರು. ಅಮರವನ್ನು ಕಂಠಪಾಠ ಮಾಡಿದವರಿಗೆ ಪರದೇಶದವನು ಕಲಿಸುವುದೇನಿದೆಯೆಂಬ ಅಹಂಭಾವದಿಂದ ನಾವು ಅದನ್ನು ಅಲ್ಲಿಯವರೆಗೆ ತೆರೆದೇ ನೋಡಿರಲಿಲ್ಲ. ಮುನ್ನುಡಿಯಲ್ಲಿ ಸಂಸ್ಕೃತದೊಳಗೆ ಸೇರಿಹೋದ ದ್ರಾವಿಡ ಶಬ್ದಗಳ ಉದ್ದನೆಯ ಪಟ್ಟಿಯೇ ಇದ್ದಿತು! ಮೊದಲು ಕೋಪ ಬಂದಿತು. ಓದುತ್ತ ಹೋದಂತೆ ಮೌನ ಬಂದಿತು. ಆಮೇಲೆ ನಾವು ಅಂಜುತ್ತಂಜುತ್ತಲೇ ಹುಡುಕಿದುದು ಒಂದು ಶಬ್ದವನ್ನು: ಕೂರಿಗೆ.

ಕಾರಣವನ್ನು ಹೇಳಿಬಿಡುವುದೇ ಮೇಲು. ಬಹಳ ವರ್ಷಗಳ ಹಿಂದೆ ರೈತರ ಹುಡುಗನೊಬ್ಬನು ಬಿತ್ತನೆಯ ವಿಷಯವಾಗಿ ಬರೆದ ಪ್ರಬಂಧದಲ್ಲಿ ಕೂರಿಗೆಯೆಂದು ನಾಲ್ಕಾರು ಕಡೆ ಬರೆದಿದ್ದನು. ನಾವು ಕೆಂಪು ಮಸಿಯಿಂದ ಅಷ್ಟನ್ನೂ ಹೊಡೆದು ಹಾಕಿ 'ಬೀಜವಪನಯಂತ್ರ'ವೆಂದು ತಿದ್ದಿದೆವು. "ನಮ್ಮಜ್ಜ ಕೂರ್ಗೆ ಅಂತ್ಲೇ ಅಂತಾನೆ ಸಾರ್" ಎಂದನು ಹುಡುಗ. "ನಿಮ್ಮಜ್ಜ ಪರೀಕ್ಷೆಗೆ ಕೂಡುವುದಿಲ್ಲ" ಎಂದೆವು. ತರಗತಿಯೆಲ್ಲ ನಕ್ಕಿತು. ಆ ಮೇಲೆ ಆ ಹುಡುಗನು ನಮ್ಮ ಮುಂದೆ ಬಾಯಿ ಬಿಟ್ಟು ಮಾತನಾಡಿದುದನ್ನು ನಾವು ಕಾಣೆವು.

ಕೂರಿಗೆ ಅಲ್ಲಿದ್ದಿತು. ನಾವು ಹೊಡೆದು ಹಾಕಿದ ಶಬ್ದವನ್ನು ಸಾವಿರಾರು ಹರದಾರಿಯಾಚೆಯವನೊಬ್ಬನು ಅರ್ಥಸಮೇತ ಎತ್ತಿಟ್ಟಿದ್ದನು. ಕನ್ನಡಕವನ್ನು ಒರೆಸುವ ನೆಪದಿಂದ ಸ್ವಲ್ಪ ಹೊತ್ತು ತಲೆ ತಗ್ಗಿಸಿ ಕುಳಿತೆವು.

ಊರಿಗೆ ಬಂದ ಮಾರನೆಯ ದಿನವೇ ಅವನ ತೋಟವನ್ನು ಹುಡುಕಿಕೊಂಡು ಹೋದೆವು. ಈಗ ಅವನ ತಲೆಯೂ ನರೆತಿದೆ. ಹೊಲವು ಅಡಿಕೆಯ ತೋಟವಾಗಿದೆ. ಬಂದ ಕಾರಣವನ್ನು ತೊದಲುತ್ತ ಹೇಳಿದೆವು. ಅವನು ನಕ್ಕು, "ಅದು ನಂಗೆ ಮರ್ತೇ ಹೋಗಿತ್ತು ಬಿಡಿ ಸಾರ್" ಎಂದನು. ಮರೆತಿರಲಿಲ್ಲವೆಂಬುದು ಮುಖದಲ್ಲಿಯೇ ಕಾಣುತ್ತಿದ್ದಿತು. ಕೊಟ್ಟಿಗೆಯ ಅಟ್ಟದಿಂದ ಧೂಳು ಹಿಡಿದ ಕೂರಿಗೆಯನ್ನು ಇಳಿಸಿ ಇದು ದಿಂಡು, ಇದು ಬಟ್ಟಲು, ಇದು ಕೊಳವೆ ಎಂದು ತೋರಿಸುತ್ತ ಹೋದನು. ನಾವು ಪುಸ್ತಕವನ್ನು ತೊಡೆಯ ಮೇಲಿಟ್ಟು ಬರೆದುಕೊಂಡೆವು. ಒಂದು ಭಾಗದ ಹೆಸರು ಅವನಿಗೂ ನೆನಪಿಗೆ ಬರಲಿಲ್ಲ.

"ಅವ್ವನ್ನ ಕೇಳಿಡ್ತೀನಿ. ಸೋಮವಾರ ಬರ್ರಿ ಸಾರ್" ಎಂದನು.