ಮೂರು ಊರು, ಒಂದು ಪ್ರಶ್ನೆ: ನಮ್ಮ ವಾರ್ಡಿನ ಸದಸ್ಯೆ ಯಾರು?

ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಹೋಗುವ ಹೆಚ್ಚಿನವರಿಗೆ ಕಡೂರು ಎಂದರೆ ಚಹಾ ಕುಡಿಯಲು ಬಸ್ಸು ನಿಲ್ಲುವ ಊರು ಅಷ್ಟೆ. ಆದರೆ ಇಂದಿನ ಚಿಕ್ಕಮಗಳೂರು ಜಿಲ್ಲೆಯನ್ನು 1947ರವರೆಗೆ ಕಡೂರು ಜಿಲ್ಲೆ ಎಂದೇ ಕರೆಯಲಾಗುತ್ತಿತ್ತು. ಚಿಕ್ಕಮಗಳೂರು ಎಂದಾಗ ಮಳೆ, ಕಾಫಿ ನೆನಪಾಗುತ್ತದೆ. ಕಡೂರು ಹಾಗಲ್ಲ, ಇದು ಬಯಲುಸೀಮೆ. ತೆಂಗಿನ ತೋಟಗಳಿವೆ. ಮಳೆ ಕೈಕೊಟ್ಟ ವರ್ಷ ಕೊಳವೆಬಾವಿಗಳು ಬತ್ತುತ್ತವೆ. ಕೊಡ ಹಿಡಿದು ಕಾಯುವ ಸರದಿ ಹೆಂಗಸರದ್ದೇ.

ಕಡೂರಿನಿಂದ ಸ್ವಲ್ಪ ಮುಂದೆ ಬೀರೂರು ಜಂಕ್ಷನ್. ಅಲ್ಲಿ ರೈಲು ಹಳಿ ಎರಡಾಗುತ್ತದೆ. ಒಂದು ತರೀಕೆರೆಯ ಮೂಲಕ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರದ ಮೂಲಕ ಹುಬ್ಬಳ್ಳಿಯ ಕಡೆಗೆ. ತರೀಕೆರೆ ಬರುತ್ತಿದ್ದಂತೆ ಅಡಿಕೆ ತೋಟಗಳು, ದೂರದಲ್ಲಿ ಕೆಮ್ಮಣ್ಣುಗುಂಡಿಯ ಬೆಟ್ಟಗಳು ಕಾಣುತ್ತವೆ. ಅಜ್ಜಂಪುರದ ಕಡೆ ಈರುಳ್ಳಿ ಹೊಲಗಳು. ಇಲ್ಲಿನ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ 1929ರಲ್ಲಿ ಆರಂಭವಾಯಿತು. ಮೈಸೂರು ಅರಸರ ಕಾಲದ 'ಬೆಣ್ಣೆ ಚಾವಡಿ'ಗೆ ಅಮೃತಮಹಲ್ ಎಂಬ ಹೆಸರು ಕೊಟ್ಟವರು ಟಿಪ್ಪು ಸುಲ್ತಾನರು.

ಹಳಿಗಳಂತೆ ಪ್ರಾತಿನಿಧ್ಯವೂ ಇಲ್ಲಿ ಕವಲೊಡೆದಿದೆ. ಕಡೂರು ವಿಧಾನಸಭಾ ಕ್ಷೇತ್ರ ಹಾಸನ ಲೋಕಸಭಾ ಕ್ಷೇತ್ರಕ್ಕೆ ಸೇರಿದೆ. ಪಕ್ಕದ ತರೀಕೆರೆ ಉಡುಪಿ-ಚಿಕ್ಕಮಗಳೂರು ಕ್ಷೇತ್ರದಲ್ಲಿದೆ. ಕಡೂರಿನ ಮಗಳು ತರೀಕೆರೆಗೆ ಸೊಸೆಯಾಗಿ ಹೋದರೆ ಆಕೆಯ ಸಂಸದರೂ ಬದಲಾಗುತ್ತಾರೆ! ಅಜ್ಜಂಪುರ 2018ರಲ್ಲಿ ತರೀಕೆರೆಯಿಂದ ಬೇರ್ಪಟ್ಟು ತಾಲೂಕಾಯಿತು. ಆದರೂ ಶಾಸಕರನ್ನು ಆರಿಸುವುದು ತರೀಕೆರೆ ಕ್ಷೇತ್ರದೊಂದಿಗೇ.

ಆದರೆ ನಲ್ಲಿಯಲ್ಲಿ ನೀರು ಬಾರದಿದ್ದರೆ ನಾವು ಸಂಸದರ ಮನೆಗೆ ಹೋಗುವುದಿಲ್ಲ. ಚರಂಡಿ, ಬೀದಿದೀಪ, ಕಸ, ಮನೆ ಕಂದಾಯ, ಖಾತೆ ಇವೆಲ್ಲ ಪುರಸಭೆಯ ಕೆಲಸ. ಕಡೂರು ಮತ್ತು ತರೀಕೆರೆ ಪುರಸಭೆಗಳಲ್ಲಿ ತಲಾ 23 ವಾರ್ಡುಗಳಿವೆ. ಅಜ್ಜಂಪುರ ಗ್ರಾಮ ಪಂಚಾಯಿತಿಯಾಗಿತ್ತು, ಈಗ ಪಟ್ಟಣ ಪಂಚಾಯಿತಿ. ಈ ಬದಲಾವಣೆಯಲ್ಲಿ ಒಂದು ವಿಷಯ ಗಮನಿಸಬೇಕು. ಹಳ್ಳಿಯಲ್ಲಿ ಗ್ರಾಮಸಭೆ ನಡೆಯುತ್ತದೆ, ಮತದಾರಳಾದ ಯಾವ ಹೆಣ್ಣುಮಗಳೂ ಅಲ್ಲಿ ಎದ್ದುನಿಂತು ಕೇಳಬಹುದು. ಪಟ್ಟಣವಾದ ಮೇಲೆ ಆ ಗ್ರಾಮಸಭೆ ಇಲ್ಲ. ಸಭೆಯಲ್ಲಿ ನಮ್ಮ ಪರವಾಗಿ ಮಾತನಾಡುವವರು ವಾರ್ಡಿನ ಸದಸ್ಯರು. ಆದ್ದರಿಂದ ಆ ಒಬ್ಬರು ಯಾರು ಎಂಬುದು ಇನ್ನಷ್ಟು ಮುಖ್ಯವಾಗುತ್ತದೆ.

1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ, ನಗರ ಸಂಸ್ಥೆಗಳಲ್ಲಿ ಕನಿಷ್ಠ ಮೂರನೇ ಒಂದು ಸ್ಥಾನವನ್ನು ಮಹಿಳೆಯರಿಗೆ ಮೀಸಲಿಟ್ಟಿತು. ಕರ್ನಾಟಕದಲ್ಲಿ ಅದು ಅರ್ಧಕ್ಕೇರಿದೆ. ಮುಸ್ಲಿಮರು ಸ್ಥಳೀಯ ಸಂಸ್ಥೆಗಳ ಹಿಂದುಳಿದ ವರ್ಗ 'ಎ' ಪಟ್ಟಿಯಲ್ಲಿ ಬರುತ್ತಾರೆ. ಸಾಮಾನ್ಯ ಸ್ಥಾನಗಳಿಗೂ ಸ್ಪರ್ಧಿಸಬಹುದು. ಅಂದರೆ ಬಾಗಿಲು ತೆರೆದೇ ಇದೆ.

ಒಳಗೆ ಹೋದವರ ಸ್ಥಿತಿ ಏನು? ಈ ಊರುಗಳಲ್ಲೊಂದರ ಮೊಹಲ್ಲಾದಲ್ಲಿ, ನಿಮ್ಮ ಕೌನ್ಸಿಲರ್ ಯಾರೆಂದು ಕೇಳಿದೆ. ಬಟ್ಟೆ ಒಗೆಯುತ್ತಿದ್ದ ಖಾಲಾ ಒಬ್ಬರು ಥಟ್ಟನೆ ಒಬ್ಬ ಗಂಡಸಿನ ಹೆಸರು ಹೇಳಿದರು. ವಾರ್ಡು ಮಹಿಳಾ ಮೀಸಲು ಅಲ್ಲವೇ ಎಂದಾಗ ನಕ್ಕರು. "ಗೆದ್ದಿದ್ದು ಅವರ ಬೀಬಿ. ಪಾಪ, ಅವರು ಹೊರಗೆ ಬರೋದಿಲ್ಲ. ಮಾತೆಲ್ಲ ಇವರದ್ದೇ." ಇದು ಒಂದು ಮೊಹಲ್ಲಾದ, ಒಂದು ಸಮುದಾಯದ ಕತೆಯಲ್ಲ. ನಾಡಿನ ಉದ್ದಗಲಕ್ಕೂ ಇದೇ ಮಾತು ಕೇಳಿಬರುತ್ತದೆ.

ನಮ್ಮ ಮನೆಗಳಲ್ಲಿ ಇದಕ್ಕೆ ಧರ್ಮದ ಹೆಸರು ಕೊಡುವವರಿದ್ದಾರೆ. ಅಂಥವರು ಹುದೈಬಿಯಾವನ್ನು ನೆನಪಿಸಿಕೊಳ್ಳಲಿ. ಒಪ್ಪಂದದ ಬಳಿಕ ಸಹಾಬಿಗಳು ನೊಂದು, ಬಲಿ ನೀಡಲು ಏಳದೆ ಕುಳಿತಿದ್ದರು. ಆಗ ಪ್ರವಾದಿವರ್ಯರಿಗೆ(ಸ) ಸಲಹೆ ನೀಡಿದವರು ಹಝ್ರತ್ ಉಮ್ಮು ಸಲಮಾ(ರ). ಯಾರೊಂದಿಗೂ ಮಾತನಾಡದೆ ತಾವೇ ಮೊದಲು ಬಲಿ ನೀಡಿ, ತಲೆ ಬೋಳಿಸಿಕೊಳ್ಳಿ ಎಂದರು. ಪ್ರವಾದಿವರ್ಯರು(ಸ) ಹಾಗೆಯೇ ಮಾಡಿದರು. ಎಲ್ಲರೂ ಎದ್ದು ಅವರನ್ನು ಅನುಸರಿಸಿದರು. ಸಲಹೆ ಆಕೆಯದ್ದು, ಮಾತೂ ಆಕೆಯದ್ದೇ. ಕುರ್‌ಆನಿನಲ್ಲಿ 'ಶೂರಾ', ಅಂದರೆ ಸಮಾಲೋಚನೆ, ಎಂಬ ಹೆಸರಿನ ಒಂದು ಅಧ್ಯಾಯವೇ ಇದೆ. ಜನರು ಒಪ್ಪಿಸಿದ ಸ್ಥಾನ ಒಂದು ಅಮಾನತ್. ಅದನ್ನು ಪಡೆದವಳೇ ಅದಕ್ಕೆ ಉತ್ತರಿಸಬೇಕಾದವಳು. ಗಂಡನೋ ಮಗನೋ ನೆರವಾಗಲಿ, ಆದರೆ ಕುರ್ಚಿ ಆಕೆಯದ್ದಾಗಿರಲಿ.

ಸಹೋದರಿಯರೇ, ಚುನಾವಣೆ ಬಂದಾಗ ನೋಡೋಣ ಎನ್ನಬೇಡಿ. ಪುರಸಭೆಯ ಮತದಾರರ ಪಟ್ಟಿ ವಿಧಾನಸಭೆಯ ಪಟ್ಟಿಯಿಂದಲೇ ತಯಾರಾಗುತ್ತದೆ. ಮದುವೆಯಾಗಿ ಬಂದು ವರ್ಷಗಳಾದರೂ ಹೆಸರು ತವರಿನಲ್ಲೇ ಉಳಿದವರು ಎಷ್ಟೋ ಮಂದಿ. ಅದನ್ನು ಗಂಡನ ಮನೆಯ ವಿಳಾಸಕ್ಕೆ ವರ್ಗಾಯಿಸಲು ನಮೂನೆ 8 ಸಾಕು. ಹದಿನೆಂಟು ತುಂಬಿದ ಮಗಳಿಗೆ ನಮೂನೆ 6. ನಿಮ್ಮ ವಾರ್ಡಿನ ಸಂಖ್ಯೆ, ಸದಸ್ಯೆಯ ಹೆಸರು ತಿಳಿದುಕೊಳ್ಳಿ. ನೀರು ಬಾರದ ದಿನ ನಾಲ್ಕು ಮಂದಿ ಸೇರಿ ಅವರ ಮನೆಗೆ ಹೋಗಿ, ಅವರನ್ನೇ ಕರೆದು ಮಾತನಾಡಿ. ನಾವು ಆಕೆಯನ್ನು ಹೆಸರು ಹಿಡಿದು ಕೇಳಲಾರಂಭಿಸಿದರೆ, ಸಭೆಯಲ್ಲಿ ಆಕೆಯೂ ನಮ್ಮ ಬೀದಿಯ ಹೆಸರು ಹಿಡಿದು ಮಾತನಾಡಲು ಧೈರ್ಯ ತಂದುಕೊಂಡಾಳು.