ಡಾರ್ಟ್ ನದಿಯ ದಂಡೆಯ ಗುಟ್ಟಿನ ಮನೆ

ಇಂಗ್ಲೆಂಡಿನ ನೈರುತ್ಯ ಮೂಲೆಯ ಡೆವನ್ ಸೀಮೆಯಲ್ಲಿ ಪೇಂಟನ್ ಎಂಬ ಕಡಲತೀರದ ಊರಿದೆ. ಅಲ್ಲಿಂದ ಈಗಲೂ ಕಲ್ಲಿದ್ದಲು ಉರಿಸುವ ಉಗಿಬಂಡಿ ಹೊರಡುತ್ತದೆ. ಸ್ವಲ್ಪ ದೂರ ಎಡಗಡೆ ಸಮುದ್ರವನ್ನು ತೋರಿಸಿಕೊಂಡು ಹೋಗಿ, ಆಮೇಲೆ ಹೊಲಗಳ ನಡುವೆ ತಿರುಗಿ ಕಾಡಿಗೆ ನುಗ್ಗುತ್ತದೆ. ಆ ಕಾಡಿನಂಚಿನಲ್ಲಿ ಗ್ರೀನ್‌ವೇ ಹಾಲ್ಟ್ ಎಂಬ ಪುಟ್ಟ ನಿಲ್ದಾಣ. ಅಲ್ಲಿ ಇಳಿಯುವವರು ಮೊದಲೇ ಗಾರ್ಡಿಗೆ ಹೇಳಿರಬೇಕು. ಇಲ್ಲದಿದ್ದರೆ ಬಂಡಿ ನಿಲ್ಲದೆ ಕೂಗಿಕೊಂಡು ಮುಂದೆ ಹೋಗಿಬಿಡುತ್ತದೆ.

ಇಳಿದವರು ಮರಗಳ ನಡುವಿನ ದಾರಿಯಲ್ಲಿ ಅರ್ಧ ಗಂಟೆ ನಡೆಯಬೇಕು. ಏರು, ಇಳಿಜಾರು ಎರಡೂ ಇವೆ. ನನ್ನಂಥ ಮೊಣಕಾಲು ನೋವಿನವರು ಡಾರ್ಟ್‌ಮತ್ ಊರಿನಿಂದ ದೋಣಿಯಲ್ಲಿ ಬರುವುದು ಒಳ್ಳೆಯದು. ಆದರೆ ಎಕ್ಸೆಟರಿನಲ್ಲಿರುವ ಮಗನ ಮನೆಗೆ ಹೋಗಿದ್ದಾಗ ನನ್ನನ್ನು ಹೊರಡಿಸಿದವಳು ಹನ್ನೆರಡು ವರ್ಷದ ಮೊಮ್ಮಗಳು. ಅವಳಿಗೆ ಉಗಿಬಂಡಿಯೇ ಬೇಕಿತ್ತು. ಹೀಗಾಗಿ ನಡೆದೆ.

ಕಾಡು ಮುಗಿದೊಡನೆ ಗುಡ್ಡದ ಮೇಲೆ ಕೆನೆಬಣ್ಣದ ದೊಡ್ಡ ಮನೆ, ಕೆಳಗೆ ಡಾರ್ಟ್ ನದಿ. ಪತ್ತೇದಾರಿ ಕಾದಂಬರಿಗಳ ರಾಣಿ ಎನಿಸಿಕೊಂಡ ಅಗಾಥಾ ಕ್ರಿಸ್ಟಿ ರಜೆ ಕಳೆಯಲೆಂದು ಕೊಂಡ ಮನೆ ಇದು. ಅವರು ಹುಟ್ಟಿದ್ದು ಇಲ್ಲಿಗೆ ಹತ್ತಿರದ ಟಾರ್ಕೀ ಊರಿನಲ್ಲಿ, 1890ರಲ್ಲಿ. ಚಿಕ್ಕವರಿದ್ದಾಗ ತಾಯಿಯ ಜೊತೆ ಬಂದು ಈ ಮನೆಯನ್ನು ನೋಡಿದ್ದರು. ಡಾರ್ಟ್ ನದಿಯ ದಂಡೆಯ ಮನೆಗಳಲ್ಲೆಲ್ಲ ಇದೇ ಚೆನ್ನ ಎಂದು ತಾಯಿ ಹೇಳುತ್ತಿದ್ದರಂತೆ. 1938ರಲ್ಲಿ ಅದು ಮಾರಾಟಕ್ಕಿದೆ ಎಂದು ತಿಳಿದಾಗ 6,000 ಪೌಂಡ್ ಕೊಟ್ಟು ಕೊಂಡರು. ತಾಯಿ ಆಗ ಬದುಕಿರಲಿಲ್ಲ.

ಕ್ರಿಸ್ಟಿಯವರು ಬರೆದ ಬಗೆಯ ಕಥೆಗಳನ್ನು ಇಂಗ್ಲಿಷಿನವರು ಕೋಝಿ ಮಿಸ್ಟರಿ ಎನ್ನುತ್ತಾರೆ. ಕೋಝಿ ಎಂದರೆ ಮಳೆಗಾಲದಲ್ಲಿ ಕಂಬಳಿ ಹೊದ್ದು ಕೂತಷ್ಟು ಬೆಚ್ಚಗೆ. ಕೊಲೆಯೇನೋ ಆಗುತ್ತದೆ, ಆದರೆ ರಕ್ತದ ವರ್ಣನೆ ಇರುವುದಿಲ್ಲ. ಬಂದೂಕು ಹಿಡಿದು ಓಡುವವರಿಲ್ಲ. ಒಂದು ಮನೆ, ಹತ್ತಾರು ಜನ, ಚಹಾ ಕುಡಿಯುವ ಹೊತ್ತು, ಮತ್ತು ಹಳೆಯ ಕಾಲದಲ್ಲಿ ಹೂತಿಟ್ಟ ಒಂದು ಗುಟ್ಟು. ನನ್ನ ಕಾಲದವರು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಪಠ್ಯಪುಸ್ತಕದೊಳಗೆ ಅಡಗಿಸಿಟ್ಟು ಓದಿದವರು. ಅವನು ಓಡಾಡುವ, ಹೊಡೆದಾಡುವ ಪತ್ತೇದಾರ. ಕ್ರಿಸ್ಟಿಯವರ ಮಿಸ್ ಮಾರ್ಪಲ್ ಹಾಗಲ್ಲ. ಹೆಣಿಗೆ ಹಾಕುತ್ತಾ ಕೂತಿರುವ ಅಜ್ಜಿ ಆಕೆ. ಅಗಾಥಾ ತಮ್ಮ ಅಜ್ಜಿಯನ್ನೂ ಅಜ್ಜಿಯ ಗೆಳತಿಯರನ್ನೂ ನೆನೆದು ಆಕೆಗೆ ರೂಪ ಕೊಟ್ಟರು. ಅವರ ಅಜ್ಜಿ ಎಲ್ಲರ ವಿಷಯದಲ್ಲೂ ಕೆಟ್ಟದ್ದನ್ನೇ ಊಹಿಸುತ್ತಿದ್ದರಂತೆ, ಹೆಚ್ಚಿನ ಸಲ ಅದು ಸರಿಯಾಗಿಯೇ ಇರುತ್ತಿತ್ತಂತೆ. ಇದನ್ನು ಓದಿದ ಮೇಲೆ ಮೊಮ್ಮಗಳು ನನ್ನನ್ನು ಬೇರೆಯೇ ರೀತಿಯಲ್ಲಿ ನೋಡತೊಡಗಿದ್ದಾಳೆ.

ಮನೆಯೊಳಗೆ ಹೋದರೆ ಯಾರೋ ಈಗಷ್ಟೇ ಎದ್ದು ತೋಟಕ್ಕೆ ಹೋದಂತಿದೆ. ಪಿಯಾನೊ, ಪುಸ್ತಕ, ಪಿಂಗಾಣಿ, ನಶ್ಯದ ಡಬ್ಬಿ, ಹಳೆಯ ಬೆಳ್ಳಿ. ಈ ಮನೆಯಲ್ಲಿ ಬಾಳಿದವರೆಲ್ಲ ಏನಾದರೊಂದು ಕೂಡಿಡುವ ಹವ್ಯಾಸದವರು. ಅಗಾಥಾರ ಎರಡನೆಯ ಪತಿ ಮ್ಯಾಕ್ಸ್ ಮ್ಯಾಲೊವನ್ ಪುರಾತತ್ವ ಶಾಸ್ತ್ರಜ್ಞರು. ಇರಾಕಿನ ನಿಮ್ರುದ್‌ನಲ್ಲಿ ಅವರು ಅಗೆತ ನಡೆಸುತ್ತಿದ್ದಾಗ ಈಕೆಯೂ ಜೊತೆಗಿದ್ದರು. ಮಣ್ಣಿನಿಂದ ತೆಗೆದ ಸಾವಿರಾರು ವರ್ಷ ಹಳೆಯ ದಂತದ ಕೆತ್ತನೆಗಳ ಸಂದಿಯ ಕೊಳೆಯನ್ನು ತಮ್ಮ ಮುಖಕ್ಕೆ ಹಚ್ಚುವ ಕ್ರೀಮಿನಿಂದಲೂ ಹೆಣಿಗೆ ಕಡ್ಡಿಯಿಂದಲೂ ತೆಗೆದರು! ಮಿಸ್ ಮಾರ್ಪಲ್ ಕೈಯಲ್ಲಿರುವುದೂ ಹೆಣಿಗೆ ಕಡ್ಡಿಯೇ ಅಲ್ಲವೇ ಎಂದು ನನಗೆ ನಗು ಬಂತು.

ಪುಸ್ತಕದ ಕೋಣೆಯಲ್ಲಿ ಮಾತ್ರ ತಲೆ ಎತ್ತಿ ನೋಡಬೇಕು. ಎರಡನೆಯ ಮಹಾಯುದ್ಧದಲ್ಲಿ ಈ ಮನೆಯನ್ನು ಸರ್ಕಾರ ವಶಕ್ಕೆ ತೆಗೆದುಕೊಂಡು ಅಮೆರಿಕದ ಕರಾವಳಿ ರಕ್ಷಣಾ ಪಡೆಯವರಿಗೆ ಬಿಟ್ಟುಕೊಟ್ಟಿತ್ತು. ಅವರಲ್ಲಿ ಮಾರ್ಷಲ್ ಲೀ ಎಂಬ ಅಧಿಕಾರಿ ತಮ್ಮ ಪಡೆ ಸಾಗಿ ಬಂದ ದಾರಿಯನ್ನೆಲ್ಲ ಗೋಡೆಯ ಮೇಲಂಚಿನುದ್ದಕ್ಕೂ ಚಿತ್ರವಾಗಿ ಬರೆದಿಟ್ಟರು. ಯುದ್ಧ ಮುಗಿದ ಮೇಲೆ ಬಣ್ಣ ಬಳಿದು ಅಳಿಸಿಕೊಡುತ್ತೇವೆ ಎಂದಾಗ, ಬೇಡ, ಅದು ನೆನಪಿಗೆ ಇರಲಿ ಎಂದರು ಅಗಾಥಾ. ಸೈನಿಕರು ಬಿಟ್ಟುಹೋದ ಇನ್ನೊಂದು ನೆನಪು ಅವರಿಗೆ ಬೇಕಿರಲಿಲ್ಲ. ಸಾಲಾಗಿ ಕಟ್ಟಿಸಿದ್ದ ಹದಿನಾಲ್ಕು ಪಾಯಿಖಾನೆಗಳು! ಅವನ್ನು ತೆಗೆಸಲು ಅವರು ಅಧಿಕಾರಿಗಳೊಂದಿಗೆ ಜಗಳ ಆಡಬೇಕಾಯಿತು. ಮೊಮ್ಮಗಳಿಗೆ ಇಡೀ ಮನೆಯಲ್ಲಿ ಅತಿ ಇಷ್ಟವಾದ ಸಂಗತಿ ಇದೇ.

ಇಲ್ಲಿ ಅಗಾಥಾ ಹೆಚ್ಚಾಗಿ ಬರೆಯುತ್ತಿರಲಿಲ್ಲ. ಬರೆದು ಮುಗಿಸಿದ್ದನ್ನು ರಾತ್ರಿ ಊಟವಾದ ಮೇಲೆ ಮನೆಯವರಿಗೆ ಓದಿ ಹೇಳುತ್ತಿದ್ದರು. ಕೊಲೆಗಾರ ಯಾರೆಂದು ಎಲ್ಲರೂ ಊಹಿಸಬೇಕು. ಮೊಮ್ಮಗ ಮ್ಯಾಥ್ಯೂಗೆ ಒಂಬತ್ತು ತುಂಬಿದಾಗ ಅಜ್ಜಿ ಕೊಟ್ಟ ಉಡುಗೊರೆ 'ದಿ ಮೌಸ್‌ಟ್ರ್ಯಾಪ್' ಎಂಬ ನಾಟಕದ ಹಕ್ಕು. ಆ ನಾಟಕ ಲಂಡನ್ನಿನಲ್ಲಿ 1952ರ ನವೆಂಬರಿನಲ್ಲಿ ಶುರುವಾಯಿತು. ಜಗತ್ತಿನಲ್ಲಿ ಅತಿ ಹೆಚ್ಚು ಕಾಲದಿಂದ ನಡೆಯುತ್ತಿರುವ ನಾಟಕ ಅದು. ಕೊನೆಯ ಗುಟ್ಟನ್ನು ಹೊರಗೆ ಹೇಳಬೇಡಿ ಎಂದು ಪ್ರತಿ ಸಲವೂ ಪ್ರೇಕ್ಷಕರನ್ನು ಕೇಳಿಕೊಳ್ಳುತ್ತಾರೆ.

ತೋಟದ ಮೆಟ್ಟಿಲಿಳಿದು ನದಿಗೆ ಬಂದರೆ ದೋಣಿಮನೆ. 1956ರ 'ಡೆಡ್ ಮ್ಯಾನ್ಸ್ ಫಾಲಿ' ಕಾದಂಬರಿಯಲ್ಲಿ ಜಾತ್ರೆಯ ದಿನ ಆಟಕ್ಕೆಂದು ಹೆಣವಾಗಿ ಮಲಗಿದ ಹುಡುಗಿ ನಿಜವಾಗಿಯೂ ಸತ್ತು ಬಿದ್ದಿರುವುದು ಈ ದೋಣಿಮನೆಯಲ್ಲೇ. ಕಥೆಯಲ್ಲಿ ಊರ ಹೆಸರು, ಮನೆಯ ಹೆಸರು ಬೇರೆ. ಡೇವಿಡ್ ಸೂಷೆ ಪತ್ತೇದಾರ ಪ್ವಾರೋ ಆಗಿ ನಟಿಸಿದ ದೂರದರ್ಶನ ಚಿತ್ರವನ್ನು ಇಲ್ಲಿಗೇ ಬಂದು ತೆಗೆದರು. ಆ ಕಥೆಯಲ್ಲಿ ದೋಣಿಕಟ್ಟೆಯ ಬಳಿ ತೊಂಬತ್ತು ದಾಟಿದ ಒಬ್ಬ ಅಜ್ಜ ಬರುತ್ತಾನೆ. ಆ ಮನೆತನದ ಬಗ್ಗೆ ಏನೇನೋ ಗೊಣಗುತ್ತಾನೆ. ಮುದುಕನ ಮಾತು ಎಂದು ಯಾರೂ ಕಿವಿಗೊಡುವುದಿಲ್ಲ. ಇನ್ನು ಮುಂದೆ ಹೇಳಿದರೆ ನೀವು ಆ ಪುಸ್ತಕ ಓದುವ ಸುಖ ಹೋಗುತ್ತದೆ.

ನನಗೆ ಹೆಚ್ಚು ಹೊತ್ತು ಕೂರಬೇಕೆನಿಸಿದ್ದು ದೋಣಿಮನೆಯಲ್ಲಲ್ಲ, ಬ್ಯಾಟರಿ ಎಂಬ ಜಾಗದಲ್ಲಿ. ನದಿಯ ಕಡೆಗೆ ಮುಖ ಮಾಡಿದ ಹಳೆಯ ಫಿರಂಗಿಗಳಿರುವ ಕಲ್ಲಿನ ಕಟ್ಟೆ ಅದು. 1942ರ 'ಫೈವ್ ಲಿಟಲ್ ಪಿಗ್ಸ್' ಕಾದಂಬರಿಯ ಚಿತ್ರಕಾರ ಇಂಥದೇ ಕಟ್ಟೆಯಲ್ಲಿ ಚಿತ್ರ ಬರೆಯುತ್ತಾ ಕೂತಿದ್ದಾಗ ವಿಷಪ್ರಾಶನದಿಂದ ಸಾಯುತ್ತಾನೆ. ಹೆಂಡತಿಯೇ ಕೊಂದಳೆಂದು ನ್ಯಾಯಾಲಯ ಶಿಕ್ಷೆ ಕೊಡುತ್ತದೆ. ಅವಳು ಸೆರೆಮನೆಯಲ್ಲೇ ತೀರಿಕೊಳ್ಳುತ್ತಾಳೆ. ಐದು ವರ್ಷದ ಮಗಳನ್ನು ಬಂಧುಗಳು ಕೆನಡಾಕ್ಕೆ ಕಳಿಸಿ, ಬೇರೆ ಹೆಸರು ಕೊಟ್ಟು, ಏನೂ ತಿಳಿಯದಂತೆ ಬೆಳೆಸುತ್ತಾರೆ. ಇಪ್ಪತ್ತೊಂದು ತುಂಬಿದ ದಿನ ಅವಳ ಕೈಗೆ ತಾಯಿ ಬರೆದಿಟ್ಟ ಕಾಗದ ಸಿಗುತ್ತದೆ. ನಾನು ಕೊಂದಿಲ್ಲ ಎಂದು ತಾಯಿ ಬರೆದಿದ್ದಾಳೆ. ಮಗಳು ಪ್ವಾರೋನನ್ನು ಹುಡುಕಿಕೊಂಡು ಬರುತ್ತಾಳೆ.

ಹದಿನಾರು ವರ್ಷವಾದ ಮೇಲೆ ಹೆಜ್ಜೆಗುರುತು ಎಲ್ಲಿರುತ್ತದೆ, ಬೆರಳಚ್ಚು ಎಲ್ಲಿರುತ್ತದೆ? ಪ್ವಾರೋ ಆ ದಿನ ಅಲ್ಲಿದ್ದ ಐದು ಜನರ ಹತ್ತಿರ ಹೋಗಿ ಕೂತು ಮಾತಾಡುತ್ತಾನೆ, ನೆನಪಿದ್ದನ್ನು ಬರೆದುಕೊಡಿ ಎನ್ನುತ್ತಾನೆ. ಐವರೂ ಅದೇ ದಿನವನ್ನೇ ಹೇಳುತ್ತಾರೆ, ಐದೂ ಬೇರೆ ಬೇರೆ ದಿನದಂತಿರುತ್ತವೆ. ಸುಳ್ಳು ಹೇಳುವವರು ಕಡಿಮೆ. ತಮಗೆ ಬೇಕಾದಂತೆ ನೆನಪಿಟ್ಟುಕೊಂಡವರೇ ಹೆಚ್ಚು. ಅಗಾಥಾರ ಪುಸ್ತಕಗಳಲ್ಲಿ ನನಗೆ ಇದೇ ಮೇಲು. ಯಾಕೆಂದರೆ ಇದರಲ್ಲಿ ಪತ್ತೆಯಾಗಬೇಕಾದದ್ದು ಕೊಲೆಗಾರ ಮಾತ್ರವಲ್ಲ, ಒಬ್ಬ ಮಗಳಿಗೆ ಅವಳ ಅಮ್ಮ.

ಫಿರಂಗಿಯ ಪಕ್ಕದಲ್ಲಿ ಚಪಾತಿ ಸುರುಳಿ ಬಿಚ್ಚುತ್ತಿದ್ದಾಗ ಮೊಮ್ಮಗಳು ಕೇಳಿದಳು. "ಅಜ್ಜೀ, ಊರಿನ ಫೋಟೋದಲ್ಲಿರೋ ಆ ಕೈ ಯಾರದು?"

ತೀರ್ಥಹಳ್ಳಿ ಹತ್ತಿರದ ನನ್ನ ತವರುಮನೆಯ ಜಗಲಿಯಲ್ಲಿ ಒಂದು ಫೋಟೋ ಇದೆ. ನನ್ನ ಅಪ್ಪ, ಚಿಕ್ಕಪ್ಪ, ಅತ್ತೆ ನಿಂತಿದ್ದಾರೆ. ಎಡತುದಿಯನ್ನು ಕತ್ತರಿಸಿ ಕಟ್ಟು ಹಾಕಿಸಿದ್ದಾರೆ. ಕತ್ತರಿಸಿದವರಿಗೆ ಅಪ್ಪನ ಹೆಗಲ ಮೇಲಿದ್ದ ಕೈಯನ್ನು ತೆಗೆಯಲಾಗಿಲ್ಲ. ಕಳೆದ ದಸರಾಕ್ಕೆ ಬಂದಿದ್ದಾಗ ಅವಳು ಅದನ್ನು ನೋಡಿದ್ದಳು, ನನಗೆ ಗೊತ್ತಿರಲಿಲ್ಲ.

"ನನ್ನ ದೊಡ್ಡಪ್ಪಂದು," ಎಂದೆ.

"ಏನು ಮಾಡಿದ್ರು?"

ಪಾಲು ಕೇಳಿ ಜಗಳವಾಡಿ ಹೋದರು ಎಂದು ಅಮ್ಮ ಹೇಳುತ್ತಿದ್ದಳು. ಬೊಂಬಾಯಿಗೆ ಹೋಗಿ ಕಾಗದ ಬರೆಯುವುದನ್ನೇ ಮರೆತ ಎಂದು ಚಿಕ್ಕಪ್ಪ. ಅಪ್ಪನ ಹತ್ತಿರ ಕೇಳುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ. ಸಾಗರದಲ್ಲಿರುವ ಅತ್ತೆ, ಆ ಮಾತು ಬಂದರೆ ಹಾಲು ಉಕ್ಕುತ್ತದೆ ಎಂದು ಒಳಗೆ ಹೋಗುತ್ತಿದ್ದರು. ಇದನ್ನೆಲ್ಲ ಹೇಳಿದೆ. ಮೊಮ್ಮಗಳು ಬೆರಳು ಮಡಚಿ ಎಣಿಸಿದಳು. "ಪ್ವಾರೋಗೆ ಐದು ಜನ ಇದ್ರು. ನಮಗೆ ಎಷ್ಟು?" ಫೋಟೋ ಇಡಿಯಾಗಿದ್ದಾಗ ನೋಡಿದವರಲ್ಲಿ ಈಗ ಉಳಿದವರು ಅತ್ತೆ ಒಬ್ಬರೇ.

ಗುಟ್ಟುಗಳನ್ನು ಬಿಚ್ಚುವುದನ್ನೇ ಕಸುಬು ಮಾಡಿಕೊಂಡಿದ್ದ ಅಗಾಥಾ ಕೂಡ ಒಂದು ಗುಟ್ಟನ್ನು ಬಿಟ್ಟುಕೊಡಲಿಲ್ಲ. 1926ರಲ್ಲಿ ತಾಯಿ ತೀರಿಕೊಂಡರು. ಟಾರ್ಕೀಯ ಆಶ್‌ಫೀಲ್ಡ್ ಮನೆಯಲ್ಲಿ ಅಜ್ಜಿಯ ಕಾಲದ ಪೆಟ್ಟಿಗೆಗಳನ್ನೂ ನುಸಿ ತಿಂದ ಬಟ್ಟೆಗಳನ್ನೂ ತಿಂಗಳುಗಟ್ಟಲೆ ಒಬ್ಬರೇ ವಿಲೇವಾರಿ ಮಾಡಿದರು. ತವರುಮನೆ ಖಾಲಿ ಮಾಡಿದ ಹೆಣ್ಣುಮಕ್ಕಳಿಗೆ ಆ ಕೆಲಸ ಎಂಥದೆಂದು ಗೊತ್ತು. ಅದೇ ಹೊತ್ತಿಗೆ ಮೊದಲ ಪತಿ ಬೇರೊಬ್ಬಾಕೆಯನ್ನು ಮೆಚ್ಚಿರುವುದಾಗಿ ಹೇಳಿದರು. ಡಿಸೆಂಬರ್ 3ರ ರಾತ್ರಿ ಕಾರಿನಲ್ಲಿ ಹೊರಟ ಅಗಾಥಾ ಕಾಣೆಯಾದರು. ಕಾರು ಒಂದು ಕಡೆ ಸಿಕ್ಕಿತು, ಅವರು ಇರಲಿಲ್ಲ. ಪೊಲೀಸರು, ಊರವರು, ಪತ್ರಿಕೆಯವರು ಹುಡುಕಿದ್ದೇ ಹುಡುಕಿದ್ದು. ಹನ್ನೊಂದು ದಿನದ ಮೇಲೆ ದೂರದ ಹ್ಯಾರೋಗೇಟಿನ ಒಂದು ಹೋಟೆಲಿನಲ್ಲಿ ಬೇರೆ ಹೆಸರಿನಲ್ಲಿ ಇದ್ದುದು ಗೊತ್ತಾಯಿತು. 1976ರಲ್ಲಿ ತೀರಿಕೊಳ್ಳುವವರೆಗೂ ಆ ದಿನಗಳ ಕಥೆಯನ್ನು ಅವರು ಬಿಡಿಸಿ ಹೇಳಲಿಲ್ಲ. ಮರುವರ್ಷ ಪ್ರಕಟವಾದ ದಪ್ಪನೆಯ ಆತ್ಮಕಥೆಯಲ್ಲೂ ಅದರ ಸುದ್ದಿಯಿಲ್ಲ. ಇದು ಮೋಸ ಎಂದಳು ಮೊಮ್ಮಗಳು. ನನಗೆ ಹಾಗನ್ನಿಸಲಿಲ್ಲ. ಹೇಳಲೇಬೇಕೆಂದು ಯಾರ ಕತ್ತಿನ ಮೇಲೂ ಕೂರುವ ಹಾಗಿಲ್ಲ. ಕೇಳಬಾರದು ಎಂದೇನೂ ಇಲ್ಲವಲ್ಲ, ಎಂದಳು ಅವಳು.

ಆಶ್‌ಫೀಲ್ಡ್ ಈಗಿಲ್ಲ, ಕೆಡವಿ ಬೇರೆ ಮನೆಗಳನ್ನು ಕಟ್ಟಿದ್ದಾರೆ. ಗ್ರೀನ್‌ವೇ ಉಳಿಯಿತು. ಅಗಾಥಾರ ಕುಟುಂಬದವರು 2000ದಲ್ಲಿ ಇದನ್ನು ನ್ಯಾಷನಲ್ ಟ್ರಸ್ಟಿಗೆ ಒಪ್ಪಿಸಿದರು. ಮನೆಯೊಳಗೆ ಜನರನ್ನು ಬಿಡತೊಡಗಿದ್ದು 2009ರಿಂದ. ಕಾರಿನಲ್ಲಿ ಹೋಗುವವರು ನಿಲ್ಲಿಸುವ ಜಾಗವನ್ನು ಮೊದಲೇ ಕಾಯ್ದಿರಿಸಬೇಕು. ಕ್ಯಾಮೆಲಿಯಾ ಹೂವು ನೋಡಬೇಕೆಂದರೆ ವಸಂತದಲ್ಲಿ ಹೋಗಿ.

ವಾಪಸು ಬರುವಾಗ ನಾನು ಹಟ ಮಾಡಿದೆ, ದೋಣಿಯೇ ಬೇಕೆಂದೆ. ಕೆಳಗಿನ ದೋಣಿಕಟ್ಟೆಯಲ್ಲಿ ಒಂದು ಗಂಟೆ ಇದೆ. ಬಾರಿಸಿದರೆ ಆಚೆ ದಡದ ಡಿಟ್ಟಿಶಮ್‌ನಿಂದ ದೋಣಿ ಬರುತ್ತದೆ. ಮೊಮ್ಮಗಳು ಬೇಕಾದ್ದಕ್ಕಿಂತ ನಾಲ್ಕು ಸಲ ಹೆಚ್ಚಾಗಿಯೇ ಬಾರಿಸಿದಳು. ದೋಣಿ ಬರುವಷ್ಟರಲ್ಲಿ ಅತ್ತೆಗೆ ಕೇಳಬೇಕಾದ ಪ್ರಶ್ನೆಗಳನ್ನು ನನ್ನ ಟಿಕೆಟಿನ ಹಿಂದೆ ಬರೆದಿದ್ದಳು. ಮೊದಲನೆಯದು ಫೋಟೋ ಕತ್ತರಿಸಿದ್ದು ಯಾರು ಎಂದಲ್ಲ, ದೊಡ್ಡಪ್ಪ ಹಾಡು ಹೇಳುತ್ತಿದ್ದರಾ ಎಂದು. ಅತ್ತೆಗೆ ಈಗ ತೊಂಬತ್ತು. ಬೆಳಿಗ್ಗೆ ಹೊತ್ತು ಕಿವಿ ಚೆನ್ನಾಗಿ ಕೇಳುತ್ತದೆ. ಭಾನುವಾರ ಫೋನ್ ಮಾಡುವುದೆಂದು ಆಗಿದೆ.