ಹಳೆಯ ಗಣಕಯಂತ್ರವೂ ಪರಿಗ್ರಹದ ಪರಿಮಾಣವೂ

ಪರಿಗ್ರಹವೆಂದೊಡನೆ ಗೃಹಸ್ಥನ ಕಣ್ಣಿಗೆ ಬರುವುದು ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯಗಳು. ಶ್ರಾವಕಾಚಾರದ ಗ್ರಂಥಗಳು ಬಾಹ್ಯ ಪರಿಗ್ರಹವನ್ನು ಎಣಿಸುವಾಗ ಇವುಗಳನ್ನೇ ಮೊದಲು ಹೇಳಿ, ಕಡೆಯಲ್ಲಿ ಬಟ್ಟೆಬರೆ, ಪಾತ್ರೆಪಡಗಗಳನ್ನು ಕುಪ್ಯ, ಭಾಂಡ ಎಂಬ ಹೆಸರಿನಿಂದ ಸೇರಿಸುತ್ತವೆ. ಹಿಂದಿನವರ ಮನೆಗಳಲ್ಲಿ ಈ ಕಡೆಯ ಬಾಬು ಚಿಕ್ಕದಾಗಿತ್ತು. ಇಂದಿನ ಮನೆಗಳಲ್ಲಿ ಎಲ್ಲಕ್ಕಿಂತ ವೇಗವಾಗಿ ಬೆಳೆಯುತ್ತಿರುವುದು ಅದೇ. ಈ ಹೊಸ ವಸ್ತುಗಳ ಸ್ವಭಾವವೂ ಬೇರೆ. ತಾಮ್ರದ ಹಂಡೆ ಸೋರತೊಡಗಿದಾಗ ಹಳೆಯದಾಗುತ್ತದೆ. ಗಣಕಯಂತ್ರವಾದರೋ ಚೆನ್ನಾಗಿ ನಡೆಯುತ್ತಿರುವಾಗಲೇ ಹಳೆಯದೆನಿಸಿಕೊಳ್ಳುತ್ತದೆ. ನಡೆಯುತ್ತಿರುವ ವಸ್ತುವನ್ನು ಬದಲಿಸುವುದು ಯಾವಾಗ ಯೋಗ್ಯ, ಯಾವಾಗ ಅಯೋಗ್ಯ ಎಂಬ ಪ್ರಶ್ನೆ ಹಿಂದಿನ ಗೃಹಸ್ಥನಿಗೆ ಇಷ್ಟು ಬಾರಿ ಎದುರಾಗುತ್ತಿರಲಿಲ್ಲ.

ಅಜ್ಜಂಪುರ ತಾಲ್ಲೂಕಿನ ಬುಕ್ಕಾಂಬುಧಿಯ ಒಂದು ವರ್ತಕ ಮನೆಯಲ್ಲಿ ಈ ಪ್ರಶ್ನೆ 2025ರ ದೀಪಾವಳಿಯ ಸಮಯದಲ್ಲಿ ಎದ್ದಿತು. ಮನೆಯ ಹಿರಿಯ ಮಗ 2018ರಲ್ಲಿ, ಇಂಜಿನಿಯರಿಂಗ್ ಓದುತ್ತಿದ್ದಾಗ, ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಬಿಡಿಭಾಗಗಳನ್ನು ಕೊಂಡು, ಅಜ್ಜಂಪುರದವರೆಗೆ ರೈಲಿನಲ್ಲಿ ತಂದು, ತನ್ನ ಕೈಯಾರೆ ಜೋಡಿಸಿದ ಗಣಕಯಂತ್ರ ಅದು. ರೈಜನ್ 5 2600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8 ಜಿಬಿ ರ‍್ಯಾಮಿನ ಒಂದು ಪಟ್ಟಿ, ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡು, ಒಂದು ಹಾರ್ಡ್ ಡಿಸ್ಕ್, 60 ಹರ್ಟ್ಸ್‌ನ ಮಾನಿಟರ್; ಒಟ್ಟು ವೆಚ್ಚ ಸುಮಾರು 50 ಸಾವಿರ ರೂಪಾಯಿ. ಆಟಕ್ಕೆಂದೇ ಕಟ್ಟಿದ ಯಂತ್ರವಾದರೂ 2020ರ ಲಾಕ್‌ಡೌನ್ ಕಾಲದಲ್ಲಿ ತಂಗಿಯ ತರಗತಿಗಳು ಅದರಲ್ಲೇ ನಡೆದವು. ಅಂಗಡಿಯ ಜಿಎಸ್‌ಟಿ ಲೆಕ್ಕಪತ್ರಗಳೂ ಅದರಲ್ಲೇ ಇವೆ. ಮಗ ಈಗ ತಂದೆಯೊಡನೆ ಅಡಿಕೆ ವ್ಯಾಪಾರ ನೋಡಿಕೊಳ್ಳುತ್ತಾನೆ. ವಾರದಲ್ಲಿ ಎರಡು ರಾತ್ರಿ, ಬೆಂಗಳೂರು, ಪುಣೆಗಳಿಗೆ ಚದುರಿಹೋದ ಹಾಸ್ಟೆಲಿನ ಗೆಳೆಯರೊಡನೆ ಈ ಯಂತ್ರದ ಮೂಲಕ ಆಟದಲ್ಲಿ ಕೂಡುತ್ತಾನೆ. ಊರಿಗೆ ಮರಳಿದ ಮೇಲೆ ಅವನಿಗೆ ಉಳಿದಿರುವ ಸ್ನೇಹಕೂಟ ಅದೊಂದೇ. ಆದ್ದರಿಂದ ಇದನ್ನು ಹುಡುಗರ ಚಪಲವೆಂದು ತಳ್ಳಿಹಾಕುವಂತಿರಲಿಲ್ಲ.

ಹೊಸದು ಬೇಕೆಂಬುದಕ್ಕೆ ಅವನು ಮೂರು ಕಾರಣಗಳನ್ನು ಮುಂದಿಟ್ಟನು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿದಿತ್ತು. ಗ್ರಾಫಿಕ್ಸ್ ಕಾರ್ಡಿಗೆ ಹೊಸ ಆಟಗಳಿಗಾಗಿ ಬರುತ್ತಿದ್ದ ತಂತ್ರಾಂಶವನ್ನು ಎನ್‌ವಿಡಿಯಾ ಕಂಪನಿಯು ಅದೇ ತಿಂಗಳು ನಿಲ್ಲಿಸಿತ್ತು. ಗೆಳೆಯರು ಆರಿಸಿಕೊಂಡ ಹೊಸ ಆಟವು ಈ ಯಂತ್ರದಲ್ಲಿ ಸರಾಗವಾಗಿ ನಡೆಯುತ್ತಿರಲಿಲ್ಲ. ಪಟ್ಟಣದ ಅಂಗಡಿಯೊಂದರವರು ಸುಮಾರು 90 ಸಾವಿರದ ಅಂದಾಜು ಬರೆದುಕೊಟ್ಟು, ಹಳೆಯದು ಇನ್ನು ಕೆಲಸಕ್ಕೆ ಬಾರದು, ಹೊಸದನ್ನು ಹನ್ನೆರಡು ಕಂತುಗಳಲ್ಲಿ ಕೊಡುತ್ತೇವೆ ಎಂದಿದ್ದರು.

ತಂದೆ ಲೆಕ್ಕದ ಮನುಷ್ಯರು. ಆದಾಯ ತೆರಿಗೆಯ ನಿಯಮದಂತೆ ಗಣಕಯಂತ್ರದ ಸವಕಳಿ ದರ ಶೇ. 40. ಅಂಗಡಿಯ ಆಸ್ತಿಯೆಂದು ಬರೆದಿದ್ದರೆ 50 ಸಾವಿರವು ಮೊದಲ ವರ್ಷಕ್ಕೆ 30 ಸಾವಿರ, ಎರಡನೆಯ ವರ್ಷಕ್ಕೆ 18 ಸಾವಿರ, ಹೀಗೆ ಇಳಿಯುತ್ತ 2025ರ ಮಾರ್ಚ್ 31ಕ್ಕೆ ಸುಮಾರು 1,400 ರೂಪಾಯಿಗೆ ಬಂದು ನಿಲ್ಲುತ್ತಿತ್ತು. ಮಗ ಇದನ್ನೇ ತನ್ನ ಪಕ್ಷದ ಸಾಕ್ಷ್ಯವಾಗಿ ಹಿಡಿದನು. “ಅಪ್ಪ, 1,400ರ ವಸ್ತುವಿಗೆ ಮತ್ತೆ ಹಣ ಹಾಕುವುದೇ?” ತಂದೆಯ ಉತ್ತರ ಹೀಗಿತ್ತು: “ಸವಕಳಿಯೆಂದರೆ ನಾವು ಹಾಕಿದ ಹಣ ಎಷ್ಟು ತೀರಿತೆಂಬ ಲೆಕ್ಕ. ಯಂತ್ರದ ಶಕ್ತಿ ಎಷ್ಟು ತೀರಿತೆಂಬುದು ಬೇರೆ ಲೆಕ್ಕ. ಅದನ್ನು ನೀನೇ ಬರೆದು ತೋರಿಸು.” ಪ್ರತಿ ಚಾತುರ್ಮಾಸದಲ್ಲಿ ಉಡುವ ಸೀರೆಗಳಿಗೂ ಉಣ್ಣುವ ಪದಾರ್ಥಗಳಿಗೂ ಎಣಿಕೆ ಕಟ್ಟಿಕೊಳ್ಳುವ ಅಜ್ಜಿ ಇದಕ್ಕೆ ಒಂದೇ ಮಾತು ಸೇರಿಸಿದರು: “ಮಗು, ಈಗಿರುವುದರಲ್ಲಿ ಯಾವ ಕೆಲಸ ಆಗುತ್ತಿಲ್ಲ, ಅದನ್ನು ಮೊದಲು ಹೇಳು.”

ಕೈಯಾರೆ ಕಟ್ಟಿದ ಯಂತ್ರದ ವಿಶೇಷವೆಂದರೆ ಅದು ಈ ಪ್ರಶ್ನೆಗೆ ಭಾಗಭಾಗವಾಗಿ ಉತ್ತರ ಕೊಡಬಲ್ಲದು. ಮಗ ಪಟ್ಟಿ ಮಾಡಲು ಕುಳಿತನು.

ಮೊದಲನೆಯದು ವಿಂಡೋಸ್. ರೈಜನ್ 2000 ಶ್ರೇಣಿಯ ಈ ಪ್ರೊಸೆಸರ್ ವಿಂಡೋಸ್ 11ಕ್ಕೆ ಒಪ್ಪಿತವಾದವುಗಳ ಪಟ್ಟಿಯಲ್ಲಿಯೇ ಇದೆ. ಅದಕ್ಕೆ ಬೇಕಾದ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಪ್ರೊಸೆಸರಿನೊಳಗೇ ಇದ್ದು, ಬಯಾಸ್‌ನಲ್ಲಿ ಅದನ್ನು ಚಾಲನೆಗೊಳಿಸಬೇಕಾಗಿತ್ತು, ಅಷ್ಟೆ. ವೆಚ್ಚ ಶೂನ್ಯ. ಎರಡನೆಯದು ನಿಧಾನಗತಿ. ಅದರ ಕಾರಣ ಪ್ರೊಸೆಸರ್ ಅಲ್ಲ, ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್. ಕೆಲವು ಸಾವಿರದ ಎಸ್‌ಎಸ್‌ಡಿಯಿಂದ ಅದು ನೀಗುವಂಥದು. ಮೂರನೆಯದು, ಆಟದ ನಡುವೆ ಯಂತ್ರ ಕಾದು ನಿಂತುಹೋಗುವುದು. ಏಳು ವರ್ಷಗಳ ಧೂಳು ಫ್ಯಾನುಗಳಲ್ಲಿ ತುಂಬಿತ್ತು. ಪ್ರೊಸೆಸರಿನ ಮೇಲಿನ ಶಾಖವಾಹಕ ಲೇಪ ಒಣಗಿತ್ತು. ಒಂದು ಮಧ್ಯಾಹ್ನದ ಕೆಲಸ, ಕೆಲವು ನೂರು ರೂಪಾಯಿಯ ಖರ್ಚು. ನಾಲ್ಕನೆಯದು ರ‍್ಯಾಮ್. ಒಂದೇ ಪಟ್ಟಿಯಿದ್ದಾಗ ಗೋದಾಮಿಗೆ ಒಂದೇ ಬಾಗಿಲಿದ್ದಂತೆ. ಅದೇ ಅಳತೆಯ ಇನ್ನೊಂದು ಪಟ್ಟಿ ಸೇರಿದರೆ ಸಂಗ್ರಹವೂ ಹೆಚ್ಚುತ್ತದೆ, ಸರಕು ಎರಡು ಬಾಗಿಲುಗಳಿಂದ ಸಾಗುತ್ತದೆ.

ಐದನೆಯದನ್ನು ಅವನು ಮೊದಲು ಬರೆದೇ ಇರಲಿಲ್ಲ. ಅದು ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್. ಹಳ್ಳಿಯ ವಿದ್ಯುತ್ತಿನ ಏರಿಳಿತವನ್ನು ಏಳು ವರ್ಷ ತಡೆದುಕೊಂಡು ಬಂದ ಪೆಟ್ಟಿಗೆ. ಅದರೊಳಗಿನ ಕೆಪಾಸಿಟರ್‌ಗಳು ಕಾಲಕ್ರಮದಲ್ಲಿ ಸೊರಗುತ್ತವೆ. ಕೆಡುವಾಗ ಉಳಿದ ಭಾಗಗಳನ್ನೂ ಕೆಡಿಸಬಹುದು. ಆಟದಲ್ಲಿ ಅದರಿಂದ ಯಾವ ಮೆರುಗೂ ಬರುವುದಿಲ್ಲವಾದ್ದರಿಂದ ಆಸೆಯ ಪಟ್ಟಿಯಲ್ಲಿ ಅದಕ್ಕೆ ಸ್ಥಾನವಿರಲಿಲ್ಲ. ಅಗತ್ಯದ ಪಟ್ಟಿಯಲ್ಲಾದರೋ ಅದಕ್ಕೇ ಮೊದಲ ಸ್ಥಾನ. ಆಸೆಗೂ ಅಗತ್ಯಕ್ಕೂ ಇರುವ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ದೃಷ್ಟಾಂತ ಅಪರೂಪ.

ಉಳಿದದ್ದು ಗ್ರಾಫಿಕ್ಸ್ ಕಾರ್ಡು. ಭದ್ರತೆಯ ತಿದ್ದುಪಡಿಗಳನ್ನು 2028ರ ಅಕ್ಟೋಬರ್‌ವರೆಗೆ ಕೊಡುವುದಾಗಿ ಕಂಪನಿ ಪ್ರಕಟಿಸಿರುವುದರಿಂದ ಸುರಕ್ಷತೆಯ ಕಾರಣ ಸದ್ಯಕ್ಕೆ ಇಲ್ಲ. ಹೊಸ ಆಟದ ಕಾರಣವೊಂದೇ ಉಳಿಯಿತು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ದೊಡ್ಡ ಕಾರ್ಡು ತಂದರೆ ಅದಕ್ಕೆ ದೊಡ್ಡ ಎಸ್‌ಎಂಪಿಎಸ್ ಬೇಕು. ಕಾರ್ಡು ಸೆಕೆಂಡಿಗೆ 140 ಚಿತ್ರಗಳನ್ನು ಕೊಟ್ಟರೂ 60 ಹರ್ಟ್ಸ್‌ನ ಮಾನಿಟರ್ ತೋರಿಸುವುದು 60 ಮಾತ್ರ. ಆದ್ದರಿಂದ ಹೊಸ ಮಾನಿಟರ್. ಕಾರ್ಡಿನ ವೇಗಕ್ಕೆ ಪ್ರೊಸೆಸರ್ ಸಾಲದೆ ಬರುತ್ತದೆ, ಅದೂ ಹೊಸದು. ಒಂದು ಬಾಬು ಮೂರನ್ನು ಎಳೆದುಕೊಂಡು ಬರುತ್ತದೆ. ಇವುಗಳಲ್ಲಿ ಯಾವುದನ್ನೇ ಬಿಡಿಯಾಗಿ ನೋಡಿದರೂ ಕಾರಣ ಸರಿಯಾಗಿಯೇ ಕಾಣುತ್ತದೆ. ತೃಷ್ಣೆಯ ಬಲವಿರುವುದು ಈ ಸರಿಯಾದ ಕಾರಣಗಳ ಸರಪಳಿಯಲ್ಲಿಯೇ.

ಆ ಊರು ಹೆಸರಿನಲ್ಲಿಯೇ ಅಂಬುಧಿಯನ್ನು ಹೊತ್ತಿದೆ. ಕೆರೆಯನ್ನು ಬಲ್ಲವರಿಗೆ ಕೋಡಿಯ ಅರ್ಥವನ್ನು ವಿವರಿಸಬೇಕಾಗಿಲ್ಲ. ಮಳೆ ಬಂದ ಮೇಲೆ ಯಾರೂ ಕೋಡಿ ಕಟ್ಟುವುದಿಲ್ಲ. ಏರಿ ಹಾಕುವಾಗಲೇ ಕೋಡಿಯ ಮಟ್ಟ ನಿಶ್ಚಯವಾಗಿರುತ್ತದೆ. ಪರಿಗ್ರಹ ಪರಿಮಾಣವೂ ಹಾಗೆಯೇ. ಅಂಗಡಿಯ ಬೆಳಕಿನಲ್ಲಿ ನಿಂತು ಮಿತಿ ಹಾಕಿಕೊಳ್ಳುತ್ತೇನೆಂಬುದು ಹೊಳೆ ಬಂದಾಗ ಕಲ್ಲು ಹುಡುಕಿದಂತೆ. ತಂದೆ ಮಕ್ಕಳು ಮನೆಯಲ್ಲಿಯೇ ಕುಳಿತು 12 ಸಾವಿರವೆಂದು ಮಿತಿ ಬರೆದಿಟ್ಟರು; ಕಂತಿನ ಸಾಲ ಬೇಡವೆಂದೂ ನಿಶ್ಚಯಿಸಿದರು.

ಆಟದ ವಿಚಾರವೂ ಚರ್ಚೆಗೆ ಬಾರದಿರಲಿಲ್ಲ. ಗುಂಡು ಹಾರಿಸುವ ಆಟಗಳಲ್ಲಿ ಸಾಯುವುದು ಚಿತ್ರ ತಾನೇ, ಅದರಲ್ಲಿ ಯಾವ ಹಿಂಸೆ ಎಂದು ತರುಣರು ಕೇಳುತ್ತಾರೆ. ಕನ್ನಡ ಬಲ್ಲ ಜೈನರಿಗೆ ಈ ಪ್ರಶ್ನೆ ಹೊಸದಲ್ಲ. ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯಲ್ಲಿ ಅರಸನು ತಾಯಿಯ ಒತ್ತಾಯಕ್ಕೆ ಮಣಿದು ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಆದರೆ ಸಂಕಲ್ಪದ ಫಲವಾಗಿ ತಾಯಿಯೂ ಮಗನೂ ಹಲವು ತಿರ್ಯಗ್ಜನ್ಮಗಳಲ್ಲಿ ತೊಳಲಿದರು. ಹಾಗೆಂದು ಎಲ್ಲ ಆಟಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಕ್ರಿಕೆಟ್, ವಾಹನಗಳ ಪಂದ್ಯ, ಊರು ಕಟ್ಟುವ ಆಟಗಳೂ ಇವೆ. ಹಣವಿಟ್ಟು ಆಡುವುದು ಮಾತ್ರ ಸಪ್ತವ್ಯಸನಗಳಲ್ಲಿ ಮೊದಲನೆಯದಾದ ದ್ಯೂತವೇ. ಅಂಥ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತೂ ಅಂಗೀಕರಿಸಿತು. ಯಾವ ಆಟಕ್ಕಾಗಿ ಯಂತ್ರವನ್ನು ಬಲಪಡಿಸುತ್ತಿದ್ದೇವೆ ಎಂಬುದೂ ಪಟ್ಟಿಯಲ್ಲಿ ಸೇರಬೇಕಾದ ಪ್ರಶ್ನೆಯೆಂದು ಅಜ್ಜಿ ನೆನಪಿಸಿದರು. ಉತ್ತರವನ್ನು ಮೊಮ್ಮಗನಿಗೇ ಬಿಟ್ಟರು.

ಇಷ್ಟನ್ನು ಓದಿದವರು, ಹಳೆಯದನ್ನು ಉಳಿಸಿಕೊಂಡರೆ ಅದೇ ಅಪರಿಗ್ರಹವೆಂದು ತಿಳಿಯಬಾರದು. ಪರಿಗ್ರಹದ ಮೂಲ ಮೂರ್ಛೆಯಲ್ಲಿದೆ, ಅಂದರೆ ಮಮತೆಯಲ್ಲಿದೆ, ಎಂಬುದು ಉಮಾಸ್ವಾಮಿಗಳ ಅಭಿಪ್ರಾಯ. ಆ ಮಮತೆ ಹೊಸದರ ಮೇಲಿರುವಷ್ಟೇ ಬಲವಾಗಿ ಹಳೆಯದರ ಮೇಲೂ ಇರಬಲ್ಲದು. ತಾನೇ ಕಟ್ಟಿದ್ದೆಂಬ ಅಭಿಮಾನದಿಂದ ಮಗ ಹಳೆಯ ಕೇಬಲ್ಲು, ಫ್ಯಾನು, ಕೆಟ್ಟ ಕೀಲಿಮಣೆಗಳನ್ನೆಲ್ಲ ಒಂದು ಕಪಾಟಿನಲ್ಲಿ ತುಂಬಿಟ್ಟಿದ್ದನು. ಅಪಾಯ ತಿಳಿದೂ ಎಸ್‌ಎಂಪಿಎಸ್ ಬದಲಿಸದಿದ್ದರೆ ಅದು ಮಿತವ್ಯಯವಲ್ಲ, ಪ್ರಮಾದ. ಜಿಪುಣತನಕ್ಕೆ ವ್ರತದ ಹೆಸರಿಡುವುದು ವರ್ತಕರಾದ ನಮ್ಮವರಲ್ಲಿ ಸುಲಭವಾಗಿ ನುಸುಳುವ ದೋಷ.

ಬಿಸಾಡುವುದರಲ್ಲಿಯೂ ಹಿಂಸೆಯಿದೆ. ಸರ್ಕೀಟು ಹಲಗೆಗಳನ್ನು ಬಯಲಿನಲ್ಲಿ ಸುಟ್ಟು, ಆಮ್ಲದಲ್ಲಿ ಅದ್ದಿ ತಾಮ್ರ, ಚಿನ್ನ ತೆಗೆಯುವ ಕಡೆ ಮಣ್ಣೂ ನೀರೂ ವಿಷವಾಗುತ್ತವೆ. ಆ ಕೆಲಸ ಮಾಡುವ ಬಡವರ ಶ್ವಾಸಕೋಶಗಳೂ ಕೆಡುತ್ತವೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಆದರೂ ವಸ್ತುವನ್ನು ಗುಜರಿಯವನಿಗೆ ಕೊಡದೆ ನೋಂದಾಯಿತ ಸಂಗ್ರಾಹಕರಿಗೆ ತಲುಪಿಸಬೇಕಾದವನು ಗೃಹಸ್ಥನೇ.

ಕೊನೆಗೆ ಯಂತ್ರವನ್ನು ಬಿಚ್ಚಿ ಶುಚಿ ಮಾಡಲಾಯಿತು. ಹೊಸ ಎಸ್‌ಎಂಪಿಎಸ್ ಬಂದಿತು, ಎಸ್‌ಎಸ್‌ಡಿ ಬಂದಿತು, ವಿಂಡೋಸ್ 11 ನೆಲೆಗೊಂಡಿತು. ರ‍್ಯಾಮಿನ ವಿಷಯದಲ್ಲಿ ತೊಡಕಾಯಿತು. ತಯಾರಕರು ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಕಡೆಗೆ ತಿರುಗಿದ್ದರಿಂದ 2025ರ ಕೊನೆಯ ತಿಂಗಳುಗಳಲ್ಲಿ ಅದರ ಬೆಲೆ ತೀವ್ರವಾಗಿ ಏರಿತು. ಗ್ರಾಹಕರಿಗೆ ನೇರ ಮಾರುತ್ತಿದ್ದ ಕ್ರೂಷಿಯಲ್ ವ್ಯಾಪಾರವನ್ನೇ ಮುಚ್ಚುವುದಾಗಿ ಮೈಕ್ರಾನ್ ಕಂಪನಿಯು ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಪುಣೆಯ ಗೆಳೆಯನೊಬ್ಬ ಹೊಸ ಯಂತ್ರ ಕೊಂಡಾಗ ತೆಗೆದಿಟ್ಟಿದ್ದ ಪಟ್ಟಿ ಅವನ ಮೇಜಿನ ಖಾನೆಯಲ್ಲಿ ಸುಮ್ಮನೆ ಬಿದ್ದಿತ್ತು. ಅದು ಅಂಚೆಯಲ್ಲಿ ಬಂದಿತು. ಕಪಾಟಿನ ವಸ್ತುಗಳಲ್ಲಿ ಕೆಲಸಕ್ಕೆ ಬರುವಂಥವು ಬೇಕಾದವರ ಕೈ ಸೇರಿದವು. ಖರ್ಚು ಮಿತಿಯೊಳಗೆ ಉಳಿಯಿತು.

ಗ್ರಾಫಿಕ್ಸ್ ಕಾರ್ಡು ಬರಲಿಲ್ಲ. ಹೊಸ ಆಟ ತನ್ನ ಯಂತ್ರದಲ್ಲಿ ನಡೆಯದೆಂದು ಮಗ ಗೆಳೆಯರಿಗೆ ನೇರವಾಗಿ ತಿಳಿಸಿದನು. ಆಗ ಇನ್ನೊಬ್ಬನೂ ತನ್ನ ಯಂತ್ರ ಅದಕ್ಕಿಂತ ಹಳೆಯದೆಂದು ಹೇಳಿದನು. ಅವನು ಸಾಲ ಮಾಡಿ ಹೊಸದು ಕೊಳ್ಳುವ ಯೋಚನೆಯಲ್ಲಿದ್ದನಂತೆ. ಎಲ್ಲರ ಯಂತ್ರಗಳಲ್ಲಿಯೂ ನಡೆಯುವ ಹಳೆಯ ಆಟವೊಂದನ್ನು ಅವರು ಆರಿಸಿಕೊಂಡರು. ಮುಂದೆ ಕಾರ್ಡಿನ ಅಗತ್ಯ ನಿಜವಾಗಿ ಬಂದರೆ ಅದನ್ನು ಕೊಳ್ಳುವುದರಲ್ಲಿ ದೋಷವಿಲ್ಲ. ಪಟ್ಟಿ ಇನ್ನೂ ಮೇಜಿನ ಮೇಲಿದೆ.

ಇಂಥ ಪಟ್ಟಿ ಬಸದಿಗಳ ಟ್ರಸ್ಟುಗಳಿಗೂ ಅವಶ್ಯ. ಕಚೇರಿಯ ಗಣಕಯಂತ್ರಗಳು ಹಳೆಯದಾದವು, ಎಲ್ಲವನ್ನೂ ಒಮ್ಮೆಗೇ ಬದಲಿಸಬೇಕು ಎಂಬ ಸಲಹೆ ಬಂದಾಗ ಧರ್ಮದರ್ಶಿಗಳು ಯಾವ ಕೆಲಸ ನಿಂತಿದೆ, ಯಾವ ಭಾಗದಿಂದ ನಿಂತಿದೆ, ತೆಗೆದದ್ದು ಎಲ್ಲಿಗೆ ಹೋಗುತ್ತದೆ ಎಂಬ ಮೂರನ್ನು ಕೇಳಿ ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಸಬೇಕು. ಸ್ವಂತ ಹಣದಲ್ಲಿ ತಪ್ಪಿದರೆ ನಷ್ಟ ಒಂದು ಮನೆಗೆ. ದೇವದ್ರವ್ಯದಲ್ಲಿ ತಪ್ಪಿದರೆ, ಕಾಣಿಕೆಯ ಹುಂಡಿಗೆ ಹತ್ತು ರೂಪಾಯಿ ಹಾಕಿದ ಪ್ರತಿಯೊಬ್ಬ ಶ್ರಾವಕನಿಗೂ ಲೆಕ್ಕ ಒಪ್ಪಿಸಬೇಕಾಗುತ್ತದೆ.